ನಿನ್ನ ಹೆಸರಿನಲ್ಲಿದ್ದ ನೀರು

ನನಗಿಂತ ಒಂದು ಉಬ್ಬರ ಮುಂಚೆ ಹುಟ್ಟಿದ ಅಣ್ಣ ಛಾವೊಗೆ,

ನಾಡಿದ್ದು ಗೋರಿ ಗುಡಿಸುವ ಹಬ್ಬ. ದ್ವೀಪದ ಜನರೆಲ್ಲ ಪೊರಕೆ, ಕತ್ತಿ, ಬುಟ್ಟಿ ಹಿಡಿದು ಗುಡ್ಡ ಹತ್ತುತ್ತಾರೆ. ತಮ್ಮವರ ಗೋರಿಯ ಸುತ್ತ ಬೆಳೆದ ಹುಲ್ಲು ಸವರಿ, ಹಸಿರು ಅಕ್ಕಿಕಡುಬು ಇಟ್ಟು, ಕಾಗದ ಸುಟ್ಟು ಬರುತ್ತಾರೆ. ಸುಟ್ಟ ಕಾಗದ ಸತ್ತವರ ಕೈ ಸೇರುತ್ತದೆಂದು ನಾನು ನಂಬುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ. ನೀನಿದ್ದಾಗ ನಿನಗೆ ಒಂದು ಸಾಲನ್ನೂ ಬರೆದವಳಲ್ಲ. ಬರೆದಿದ್ದರೂ ನೀನು ಓದುತ್ತಿರಲಿಲ್ಲ. "ಏನಿದ್ರೂ ಬಾಯಲ್ಲೇ ಹೇಳು ಮಾರಾಯ್ತಿ, ಕಡಲಲ್ಲಿ ಬರದ ವಾಕರಿಕೆ ನಂಗೆ ಅಕ್ಷರ ನೋಡಿದ್ರೆ ಬರತ್ತೆ" ಎನ್ನುತ್ತಿದ್ದೆ.

ನೀನು ಪ್ರೀತಿಯಿಂದ ಬರೆಯುತ್ತಿದ್ದ ಅಕ್ಷರ ಒಂದೇ, ನಿನ್ನ ಹೆಸರು. ಅದನ್ನೂ ಶಾಲೆ ಕಲಿಸಲಿಲ್ಲ, ತಾತ ಕಲಿಸಿದ. ನೀರು ಇಳಿದ ಮೇಲೆ ಒದ್ದೆ ಮರಳಿನಲ್ಲಿ ನಮ್ಮಿಬ್ಬರನ್ನೂ ಕುಕ್ಕರಗಾಲಲ್ಲಿ ಕೂರಿಸಿಕೊಂಡು, ಮುರಿದ ಹುಟ್ಟಿನ ತುದಿಯಿಂದ ಗೀಚಿ ತೋರಿಸುತ್ತಿದ್ದ. ಎಡಗಡೆ ಮೂರು ಹನಿ, ಅದು ನೀರು. ಕಡಲಿಗೂ, ಹೊಳೆಗೂ, ಊಟದ ಸಾರಿಗೂ, ಕಣ್ಣೀರಿಗೂ ಎಡಗಡೆ ಇದೇ ಮೂರು ಹನಿ. ಬಲಗಡೆ ಮೇಲೊಂದು ಹುಲ್ಲು, ಕೆಳಗೊಂದು ಹುಲ್ಲು, ನಡುವೆ ಆಗಷ್ಟೇ ಎದ್ದ ಸೂರ್ಯ, ಪಕ್ಕದಲ್ಲಿ ಇನ್ನೂ ಮುಳುಗದ ಚಂದ್ರ. ಅಂದರೆ ಬೆಳಗಿನ ಹೊತ್ತು. ಬೆಳಗಿನ ಹೊತ್ತು ಏರಿ ಬರುವ ನೀರು ಛಾವೊ. ನನ್ನದು ಪುಟ್ಟ ಅಕ್ಷರ, ಮೂರು ಹನಿ ಮತ್ತು ಒಂದು ಅರ್ಧಚಂದ್ರ. ಸಂಜೆ ಏರಿ ಬರುವ ನೀರು ಶೀ. ಬೆಳಗಿನ ಉಬ್ಬರಕ್ಕೆ ನೀನು ಹುಟ್ಟಿದೆ, ಸಂಜೆಯ ಉಬ್ಬರಕ್ಕೆ ನಾನು. "ನಡುವೆ ಇಡೀ ದಿನ ನಾನು ನರಕ ನೋಡಿದೆ, ಅದಕ್ಕೆ ಯಾರೂ ಒಂದಕ್ಷರ ಇಡ್ಲಿಲ್ಲ" ಎಂದು ಅಮ್ಮ ಈಗಲೂ ಹೇಳುತ್ತಾಳೆ.

ನಿನಗೆ ಆ ಅಕ್ಷರದ ಬಗ್ಗೆ ಎಷ್ಟು ಜಂಬ. "ನಂಗೆ ಸೂರ್ಯ ಇದಾನೆ, ಚಂದ್ರ ಇದಾನೆ, ಮೇಯೋಕೆ ಹುಲ್ಲೂ ಇದೆ. ನಿಂಗೆ ಅರ್ಧ ಚಂದ್ರ. ಅದೂ ಒದ್ದೆ" ಎಂದು ಅಣಕಿಸಿ ನನ್ನನ್ನು ಅಳಿಸುತ್ತಿದ್ದೆ. ತಾತ ನನ್ನ ಮೂಗು ಒರೆಸಿ, "ಇವನು ಹೆಸರು ಬರೆದು ಮುಗಿಸೋದ್ರೊಳಗೆ ನೀನು ಬರೆದು, ಕೈ ತೊಳೆದು, ಊಟಕ್ಕೆ ಕೂತಿರ್ತೀಯ ಮಗಳೇ, ಯಾರಿಗೆ ಲಾಭ?" ಎನ್ನುತ್ತಿದ್ದ. ಅಪ್ಪ ಹೋದ ಮೇಲೆ ನೀನು ಶಾಲೆ ಬಿಟ್ಟು ದೋಣಿ ಹತ್ತಿದೆ. ನಾನು ಓದಿದೆ, ಬಂದರಿನ ಊರಿನ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವವಳಾದೆ. ನನ್ನನ್ನು ಓದಿಸಿದ್ದು ನೀನು ಹಿಡಿದ ಮೀನು. ಆ ಮಾತನ್ನು ನಾನು ಎತ್ತಿದಾಗಲೆಲ್ಲ ನೀನು ಸಿಗರೇಟು ಹಚ್ಚುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ.

ಲೀಫೆನ್ ಅತ್ತಿಗೆ ನಮ್ಮ ಮನೆಗೆ ಬಂದ ಮೊದಲ ಊಟ ನೆನಪಿದೆಯಾ? ಕಡಲಿಲ್ಲದ ಜಿಯಾಂಗ್ಶಿ ಸೀಮೆಯ ಬೆಟ್ಟದ ಹುಡುಗಿ, ಮೀನು ಸಂಸ್ಕರಿಸುವ ಕಾರ್ಖಾನೆಗೆ ದುಡಿಯಲು ಬಂದವಳು, ನಿನ್ನ ಹಿಂದೆ ನಮ್ಮ ಹೊಸ್ತಿಲು ದಾಟಿದಳು. ಅಮ್ಮ ಇಡೀ ಹಳದಿ ಮೀನು ಬೇಯಿಸಿ ನಡುವೆ ಇಟ್ಟಿದ್ದಳು. ಮೇಲಿನ ಪಕ್ಕ ಖಾಲಿಯಾದಾಗ ಲೀಫೆನ್ ಊಟದ ಕಡ್ಡಿಯಿಂದ ಸಲೀಸಾಗಿ ಮೀನನ್ನು ಮಗುಚಿ ಹಾಕಿದಳು. ಮೀನು ಮಗುಚಿದರೆ ದೋಣಿಯೂ ಮಗುಚುತ್ತದೆಂದು ನಂಬುವ ಮನೆಯಲ್ಲಿ ಹಾಗೆ ಮಾಡುವವರುಂಟೇ? ಅಮ್ಮನ ಕೈಯ ಬಟ್ಟಲು ಗಾಳಿಯಲ್ಲೇ ನಿಂತಿತು. ಏನು ತಪ್ಪಾಯಿತೆಂದು ತಿಳಿಯದೆ ಲೀಫೆನ್ನಳ ಮುಖ ಬೆಳ್ಳಗಾಯಿತು. ನೀನು ಮಾತ್ರ ಆ ಮೀನಿನಿಂದಲೇ ದೊಡ್ಡ ತುಂಡು ಕಿತ್ತು ಬಾಯಿಗೆ ಹಾಕಿಕೊಂಡು, "ಈ ಮೀನು ಈಗಾಗ್ಲೇ ಸತ್ತಿದೆ ಅಮ್ಮ, ಇನ್ನೇನು ಮುಳುಗತ್ತೆ" ಎಂದೆ. ಅಮ್ಮ ನಗಲಿಲ್ಲ, ಆದರೆ ಊಟ ಮುಂದುವರಿಯಿತು.

ಅತ್ತಿಗೆಗೆ ನಮ್ಮ ದ್ವೀಪದ ಹಸಿ ಹವೆ ಎಂದೂ ಒಗ್ಗಲಿಲ್ಲ. ಬಟ್ಟೆಯ ಹಸಿಗೂ ಗೋಡೆಯ ತೇವಕ್ಕೂ ನಾವು ಹೇಳುವುದು ನಿನ್ನ ಹೆಸರನ್ನೇ ಅಲ್ಲವೇ? ಅವಳಿಗೆ ಅದೇ ತಮಾಷೆ. "ಹೊದಿಕೆ ಛಾವೊ, ಬೆಂಕಿಪೆಟ್ಟಿಗೆ ಛಾವೊ, ಗೋಡೆ ಛಾವೊ. ಸಾಲದು ಅಂತ ಗಂಡನೂ ಛಾವೊ. ಇವನನ್ನ ಯಾವ ಬಿಸಿಲಲ್ಲಿ ಒಣಗಿಸ್ಲಿ ಅತ್ತೆ?" ಎನ್ನುತ್ತಿದ್ದಳು. ಅಮ್ಮ ಅವಳ ಮಾತಿಗೆ ಮೊದಲು ನಕ್ಕಿದ್ದು ಅವತ್ತೇ. ಮಕ್ಕಳಾಗಲಿಲ್ಲವೆಂದು ಊರವರು ಆಡಿಕೊಂಡರು. ಅಮ್ಮನೂ ಮನಸ್ಸಿನಲ್ಲಿ ನೊಂದಿದ್ದಳು. ನೀನು ಮಾತ್ರ ಕಡಲಿಂದ ಬಂದ ದಿನ ಅವಳ ಜೊತೆ ಅಡುಗೆಮನೆಯಲ್ಲಿ ಕೂತು ಸೀಗಡಿ ಸುಲಿಯುತ್ತಾ ಹರಟುತ್ತಿದ್ದೆ. ನಾನು ರಜೆಗೆ ಬಂದಾಗ ಹೊರಗಿನಿಂದಲೇ ನಿಮ್ಮಿಬ್ಬರ ನಗು ಕೇಳಿಸುತ್ತಿತ್ತು. ಆ ನಗು ಕೇಳಿ ನಾನು ಒಳಗೆ ಬರದೆ ಒಂದಿಷ್ಟು ಹೊತ್ತು ಬಾಗಿಲಲ್ಲೇ ನಿಲ್ಲುತ್ತಿದ್ದೆ. ಇದನ್ನು ನಿನಗೆ ಎಂದೂ ಹೇಳಿರಲಿಲ್ಲ.

ಚಳಿಗಾಲದಲ್ಲಿ ಪಟ್ಟಿಮೀನು ಹಿಡಿಯುವ ಕಾಲಕ್ಕೆ, ಬಡಗಣ ಗಾಳಿ ಎದ್ದ ದಿನ ನಿಮ್ಮ ದೋಣಿ ಮಗುಚಿತು. ಇನ್ನೊಂದು ದೋಣಿಯವರು ಕೆಲವರನ್ನು ಎತ್ತಿಕೊಂಡರು. ನಿಮ್ಮ ದೋಣಿಯ ಅಡುಗೆಯ ಮುದುಕ ಯೂ ಉಳಿದು ಬಂದ. ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು ಅಮ್ಮನ ಮುಖ ನೋಡದೆ ಹೇಳಿದ: "ನನ್ನನ್ನ ತೆಪ್ಪದ ಮೇಲೆ ದಬ್ಬಿದ್ದು ನಿಮ್ಮ ಮಗಾನೇ ಅಕ್ಕ. ತಿರುಗಿ ನೋಡಿದ್ರೆ ಅವನಿಲ್ಲ. ಅಲೆ ಒಂದೇ ಇತ್ತು." ಅಮ್ಮ ಅಳಲಿಲ್ಲ. ಅವನ ಹೊದಿಕೆ ಸರಿಮಾಡಿ, "ನೀನು ಊಟ ಮಾಡಿದ್ಯಾ?" ಎಂದು ಕೇಳಿದಳು.

ಕಡಲು ದೇಹ ಕೊಡದಿದ್ದರೆ ನಮ್ಮಲ್ಲಿ ಏನು ಮಾಡುತ್ತಾರೆಂದು ನಿನಗೆ ಗೊತ್ತು. ನೀನೇ ಎಷ್ಟೋ ಜನರಿಗಾಗಿ ದಡದಲ್ಲಿ ದೀಪ ಹಿಡಿದು ನಿಂತವನು. ಉಬ್ಬರ ಏರುವ ಹೊತ್ತಿಗೆ ಜೀವವನ್ನು ಕೂಗಿ ಕರೆಯುವುದು, ಹೋದವನ ಬಟ್ಟೆ ತೊಡಿಸಿದ ಹುಲ್ಲಿನ ಗೊಂಬೆಯೊಳಗೆ ಅದನ್ನು ಇಳಿಸಿ ಮಣ್ಣು ಮಾಡುವುದು. ಆ ಶಾಸ್ತ್ರಕ್ಕೂ ನಿನ್ನ ಹೆಸರಿನ ಅಕ್ಷರವೇ, ಛಾವೊ ಜೀವ, ಉಬ್ಬರದ ಜೀವ. ಹೊಸವರ್ಷದೊಳಗೆ ಮುಗಿಸಬೇಕೆಂದು ಅಮ್ಮ ಹಟ ಹಿಡಿದಳು. "ನನ್ನ ಮಗ ನೀರಲ್ಲಿ ನೆನೀತಾ ಇದಾನೆ. ಮನೆಗೆ ಕರೀಬೇಕು" ಎಂದಳು. ಗೊಂಬೆಗೆ ತೊಡಿಸಲು ನೀನು ತೊಟ್ಟು ಬಿಟ್ಟ, ಇನ್ನೂ ಒಗೆಯದ ಬಟ್ಟೆ ಬೇಕು. ಅಂಥದ್ದು ಇದ್ದುದು ಒಂದೇ, ಬಾಗಿಲ ಹಿಂದೆ ತೂಗುತ್ತಿದ್ದ ನೀಲಿ ಅಂಗಿ. ಅದನ್ನು ಲೀಫೆನ್ ಎತ್ತಿ ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು.

"ನಾನು ಕೊಡಲ್ಲ ಅತ್ತೆ. ಹುಲ್ಲಿಗೆ ನನ್ನ ಗಂಡನ ಅಂಗಿ ಹಾಕಲ್ಲ. ಯಾವುದೋ ಹಡಗಿನವರು ಎತ್ಕೊಂಡು ಹೋಗಿರಬಹುದು. ಹಂಗೆ ಎಷ್ಟು ಜನ ಬಂದಿಲ್ಲ?"

"ಯಾರು ಬಂದಿದಾರೆ? ಒಬ್ಬನ ಹೆಸರು ಹೇಳು."

"ನಂಗೆ ಹೆಸರು ಗೊತ್ತಿಲ್ಲ. ಬಂದಿರ್ತಾರೆ."

"ನೀನು ಬೆಟ್ಟದವಳು. ಕಡಲು ಏನು ಅಂತ ನಿಂಗೆ ಗೊತ್ತಿಲ್ಲ."

"ನಂಗೆ ಅವನು ಗೊತ್ತು" ಎಂದಳು ಲೀಫೆನ್. ಆಮೇಲೆ ಇಬ್ಬರೂ ಮಾತು ಬಿಟ್ಟರು. ಒಂದೇ ಒಲೆ, ಬೇರೆ ಬೇರೆ ಹೊತ್ತಿನ ಅಡುಗೆ. ನಾನು ಮನೆಗೆ ಬಂದ ದಿನಗಳಲ್ಲಿ ಅಮ್ಮ ನನ್ನ ಮೂಲಕ ಉಪ್ಪು ಕೇಳುತ್ತಿದ್ದಳು, ಅವಳು ನನ್ನ ಮೂಲಕ ಕೊಡುತ್ತಿದ್ದಳು. ನನಗೆ ಯಾರ ಪರ ನಿಲ್ಲಬೇಕೆಂದು ತಿಳಿಯಲಿಲ್ಲ. ಅಮ್ಮನ ಮಾತು ಸರಿ ಎಂದು ಬುದ್ಧಿ ಹೇಳುತ್ತಿತ್ತು. ಆದರೆ ಸಂಜೆ ಅಂಗಳದಲ್ಲಿ ಹೆಜ್ಜೆ ಸದ್ದಾದರೆ ನಾನೂ ತಲೆಯೆತ್ತಿ ನೋಡುತ್ತಿದ್ದೆ.

ಆ ದಿನಗಳಲ್ಲೇ ಮೂರನೆಯ ತರಗತಿಯ ಪಾಠದಲ್ಲಿ ನಿನ್ನ ಅಕ್ಷರ ಬಂತು. ಕಪ್ಪು ಹಲಗೆಯ ಮೇಲೆ ಮೂರು ಹನಿ ಬರೆದೆ, ಹುಲ್ಲು ಬರೆದೆ, ಸೂರ್ಯನನ್ನು ಬರೆದೆ. ಇದರ ಅರ್ಥ ಯಾರಿಗೆ ಗೊತ್ತು ಎಂದು ಕೇಳಿದೆ. "ಹಸಿ ಬಟ್ಟೆ ಟೀಚರ್" ಎಂದಿತು ಒಂದು ಮಗು. "ಸ್ಟೈಲ್ ಟೀಚರ್, ನಮ್ಮಕ್ಕ ಹೊಸ ಶೂ ಹಾಕ್ಕೊಂಡ್ರೆ ಎಲ್ಲಾರೂ ಛಾವೊ ಅಂತಾರೆ" ಎಂದಳು ಇನ್ನೊಬ್ಬಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ನೀನಿದ್ದಿದ್ದರೆ ಆ ಮಾತನ್ನು ಹಿಡಿದುಕೊಂಡು ವರ್ಷವಿಡೀ ಮೆರೆಯುತ್ತಿದ್ದೆ ಎಂದು ಹೊಳೆಯಿತು. ಉಳಿದ ಪಾಠವನ್ನು ಮಕ್ಕಳಿಗೆ ಬೆನ್ನು ತೋರಿಸಿ, ಹಲಗೆಯ ಕಡೆ ಮುಖ ಮಾಡಿ ಮುಗಿಸಿದೆ.

ಆ ವಾರ ಮನೆಗೆ ಹೋದಾಗ ಲೀಫೆನ್ ನನ್ನನ್ನು ಅಡುಗೆಮನೆಗೆ ಕರೆದಳು. "ಶೀ, ಇಷ್ಟು ವರ್ಷ ಅವನ ಹೆಸರು ಕೂಗಿದೀನಿ. ಅದರೊಳಗೆ ಏನೇನಿದೆ ಅಂತ ಸರಿಯಾಗಿ ಕೇಳೇ ಇಲ್ಲ. ಹೇಳು" ಎಂದಳು. ಮಣೆಯ ಮೇಲೆ ಚೆಲ್ಲಿದ್ದ ಹಿಟ್ಟಿನಲ್ಲಿ ಬೆರಳಿಂದ ಬರೆದು ತೋರಿಸಿದೆ. ಹಳೆಯ ಕಾಲದಲ್ಲಿ ಹೇಗಿತ್ತು ಎಂದೂ ಹೇಳಿದೆ. ಅಕ್ಷರಗಳನ್ನು ಮೂಳೆಯ ಮೇಲೆ ಕೊರೆಯುತ್ತಿದ್ದ ಕಾಲದಲ್ಲಿ 'ಬೆಳಗು' ಎಂಬ ಅಕ್ಷರದಲ್ಲಿ ಹುಲ್ಲಿನ ನಡುವೆ ಸೂರ್ಯ, ಪಕ್ಕದಲ್ಲಿ ಚಂದ್ರ. ಆಮೇಲೆ ಕಂಚಿನ ಪಾತ್ರೆಗಳ ಕಾಲಕ್ಕೆ ಆ ಚಂದ್ರನ ಜಾಗದಲ್ಲಿ ಹರಿಯುವ ನೀರಿನ ಗೆರೆಗಳು ಬಂದವು. ಬೆಳಗೂ ಉಬ್ಬರವೂ ಆಗ ಒಂದೇ ಅಕ್ಷರವಾಗಿದ್ದವೇನೋ ಎನ್ನುತ್ತಾರೆ ಬಲ್ಲವರು. ಕಾಲ ಸರಿದಂತೆ ಒಳಗಿದ್ದ ನೀರನ್ನು ಜನ ಮರೆತು ಅದನ್ನು ಮತ್ತೆ ಚಂದ್ರನನ್ನಾಗಿ ಮಾಡಿದರು. ಆಮೇಲೆ ಉಬ್ಬರಕ್ಕೆ ಬೇರೆ ಅಕ್ಷರ ಬೇಕಾದಾಗ ಹೊರಗಿನಿಂದ ಇನ್ನೊಮ್ಮೆ ಮೂರು ಹನಿ ತಂದು ಸೇರಿಸಿದರು.

"ಅಂದ್ರೆ ಇವನಿಗೆ ಎರಡು ಸಲ ನೀರು" ಎಂದಳು ಲೀಫೆನ್. ಹಿಟ್ಟಿನ ಮೇಲಿನ ಸೂರ್ಯನನ್ನು ಬೆರಳಿಂದ ಮುಟ್ಟಿದಳು. "ಈ ನೀರು ಬರೋದಾ, ಹೋಗೋದಾ?"

"ಬರೋದು" ಎಂದೆ.

ಅರ್ಧ ಮಾತ್ರ ಹೇಳಿದೆ ಅಣ್ಣ. 'ಬೆಳಗು' ಎಂಬ ಆ ಅಕ್ಷರಕ್ಕೇ ಇನ್ನೊಂದು ಅರ್ಥವಿದೆ. ಮುಂಜಾನೆ ಎದ್ದು ಅರಸನ ಸಮ್ಮುಖಕ್ಕೆ ಹೋಗಿ ನಿಲ್ಲುವುದು. ನದಿಗಳೆಲ್ಲ ಕಡಲನ್ನು ಅರಸನೆಂದು ತಿಳಿದು ಅವನ ಸಭೆಗೆ ಹೋಗುತ್ತವೆ, ಅದಕ್ಕೇ ಈ ಅಕ್ಷರ ಹೀಗಿದೆ ಎಂದು ಹಿಂದಿನವರು ಬರೆದಿಟ್ಟಿದ್ದಾರೆ. ಕಡಲು ಕರೆಸಿಕೊಂಡ ನೀರು. ಅದನ್ನು ಅವಳಿಗೆ ಹೇಗೆ ಹೇಳಲಿ? ಮಣೆ ಒರೆಸಿದೆ.

ಹೊಸವರ್ಷಕ್ಕೆ ಕೆಲವೇ ದಿನ ಇದ್ದಾಗ ಫೋನ್ ಬಂತು. ತೆಂಕಣ ಕರಾವಳಿಯ ಒಂದು ಊರಿನಲ್ಲಿ ಗಂಡಸಿನ ದೇಹವೊಂದು ದಡಕ್ಕೆ ಬಂದಿದೆ, ಬಂದು ನೋಡಿ ಎಂದರು. ಅಮ್ಮನಿಗೆ ದೋಣಿ, ಬಸ್ಸು ಎಂದು ಅಷ್ಟು ದೂರ ಆಗದು. ನಾನೂ ಲೀಫೆನ್ನೂ ಹೋದೆವು. ದಾರಿಯುದ್ದಕ್ಕೂ ಅವಳು ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು ಕೂತಿದ್ದಳು. ಶವ ಇಟ್ಟಿದ್ದ ತಣ್ಣನೆಯ ಕೋಣೆಯಲ್ಲಿ ಮುಖ ನೋಡಿ ಗುರುತಿಸುವ ಸ್ಥಿತಿ ಇರಲಿಲ್ಲ. ಕೆಲಸದವನು ಮೆತ್ತಗೆ, "ಗುರುತು ಏನಾದ್ರೂ ಇತ್ತೇನಮ್ಮ?" ಎಂದು ಕೇಳಿದ. ಬಲೆ ಎಳೆಯುವ ಯಂತ್ರಕ್ಕೆ ಸಿಕ್ಕಿ ನಿನ್ನ ಎಡಗೈಯ ಉಂಗುರದ ಬೆರಳು ಅರ್ಧ ಹೋಗಿತ್ತಲ್ಲ. ಲೀಫೆನ್ ಆ ದೇಹದ ಎಡಗೈಯನ್ನು ತಾನೇ ಎತ್ತಿ ನೋಡಿದಳು. "ಪೂರ್ತಿ ಇದೆ. ಇವನಲ್ಲ ಶೀ, ಇವನಲ್ಲ" ಎಂದಳು. ಅವಳ ಮುಖದಲ್ಲಿ ನಗು ಬಂತು. ನಾನೂ ಗೋಡೆಗೆ ಒರಗಿ ಉಸಿರು ಬಿಟ್ಟೆ. ಆಮೇಲೆ ಅವಳು ಕೇಳಿದಳು, "ಹಾಗಾದ್ರೆ ಇವನು ಯಾರು?"

"ಗೊತ್ತಿಲ್ಲಮ್ಮ. ಸುಮಾರು ಜನ ಬಂದ್ರು, ತಮ್ಮವನಲ್ಲ ಅಂತ ಖುಷಿಪಟ್ಕೊಂಡು ಹೋದ್ರು" ಎಂದ ಅವನು.

ಲೀಫೆನ್ನಳ ನಗು ಹಾಗೆಯೇ ನಿಂತಿತು. ಬಟ್ಟೆಯ ಹೊರಗೆ ಉಳಿದಿದ್ದ ಆ ಪಾದಗಳನ್ನು ನೋಡಿದಳು. ಕುತ್ತಿಗೆಯ ಶಾಲು ತೆಗೆದು ಅವುಗಳ ಮೇಲೆ ಹೊದಿಸಿ, ಅಂಚನ್ನು ಒಳಗೆ ಸಿಕ್ಕಿಸಿದಳು. ವಾಪಸು ಬರುವ ದೋಣಿಯಲ್ಲಿ ಹೇಳಿದಳು, "ಅವನು ದಡಕ್ಕೆ ಬಂದಿದಾನೆ, ಕರೆಯೋರಿಲ್ಲ. ನಮ್ಮವನಿಗೆ ಕರೆಯೋರಿದ್ದಾರೆ, ನಾನು ಅವರ ಬಾಯಿ ಕಟ್ಟಿ ಹಾಕಿದೀನಿ." ಮನೆಗೆ ಬಂದವಳೇ ಪೆಟ್ಟಿಗೆ ತೆಗೆದು ನೀಲಿ ಅಂಗಿಯನ್ನು ಅಮ್ಮನ ಮಡಿಲಲ್ಲಿಟ್ಟಳು. ಅಮ್ಮ ಅದಕ್ಕೆ ಮುಖ ಒತ್ತಿ ಮೂಸಿದಳು. ಆಗ ಅತ್ತಳು, ನೀನು ಹೋದ ಮೇಲೆ ಮೊದಲ ಸಲ. ಲೀಫೆನ್ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರುತ್ತಿದ್ದಳು.

ಗೊಂಬೆಯನ್ನು ಕಟ್ಟಿದ್ದು ಲೀಫೆನ್ನೇ. ಬೆಟ್ಟದ ಊರಲ್ಲಿ ಭತ್ತದ ಹುಲ್ಲು ಕಟ್ಟಿ ಬೆಳೆದ ಕೈ, ಬಿಗಿಯಾಗಿ ಕಟ್ಟಿದಳು. ಕೈಗವಸಿಗೆ ಹುಲ್ಲು ತುಂಬುವಾಗ ಎಡಗೈಯ ಉಂಗುರದ ಬೆರಳನ್ನು ಅರ್ಧಕ್ಕೆ ಒಳಮಡಿಸಿ ಹೊಲಿದಳು. ನೀನು ಹುಟ್ಟಿದ ವರ್ಷ, ತಿಂಗಳು, ದಿನ, ಗಳಿಗೆಯನ್ನು ಕೆಂಪು ಕಾಗದದಲ್ಲಿ ನಾನು ಬರೆದು ಎದೆಗೆ ಅಂಟಿಸಿದೆ. ನನ್ನದೂ ಅದೇ ವರ್ಷ, ಅದೇ ತಿಂಗಳು, ಅದೇ ದಿನ. ಗಳಿಗೆ ಮಾತ್ರ ಬೇರೆ.

ಸಂಜೆಯ ಉಬ್ಬರ ಏರತೊಡಗಿದಾಗ ದಡದಲ್ಲಿ ಬೆಂಕಿ ಹಾಕಿದರು. ಪೂಜಾರಿ ಜಾಗಟೆ ಬಾರಿಸಿದ. ಸೊಪ್ಪಿನ ಬಿದಿರಿಗೆ ಕಟ್ಟಿದ ಬುಟ್ಟಿಯಲ್ಲಿ, ಜೀವಕ್ಕೆ ದಾರಿ ತೋರಲು ತಂದ ಹುಂಜ ತಲೆ ಹೊರಗೆ ಹಾಕಿ ಕೂತಿತ್ತು. ಕೂಗುವವರು ಕೂಗಿದಾಗ ಹೋದವನ ಪರವಾಗಿ ಒಬ್ಬರು ಉತ್ತರ ಕೊಡಬೇಕು. ಮಕ್ಕಳಿದ್ದರೆ ಮಕ್ಕಳು. "ಇಲ್ಲದಿದ್ರೆ ಒಡಹುಟ್ಟಿದೋಳು ಕೊಡ್ಲಿ" ಎಂದ ಪೂಜಾರಿ. ಅಮ್ಮ ನೀರಿನ ಅಂಚಿಗೆ ಹೋಗಿ ನಿಂತಳು. ಅವಳ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.

"ಛಾವೊ, ಚಳಿ ಕಣೋ, ಮನೆಗೆ ಬಾ."

"ಬಂದೆ ಅಮ್ಮ, ಬಂದೆ" ಎಂದೆ ನಾನು.

ಅವಳು ಕೂಗಿದಳು, ನಾನು ಓಗೊಟ್ಟೆ. ನೀರು ನಮ್ಮ ಪಾದಕ್ಕೆ ಬಂತು, ಕಣಕಾಲಿಗೆ ಬಂತು. ಕೂಗಿ ಕೂಗಿ ಅಮ್ಮನ ಗಂಟಲು ಕಟ್ಟಿತು. ಆಗ ಲೀಫೆನ್ ಮುಂದೆ ಬಂದಳು. ಅವಳಿಗೆ ಶಾಸ್ತ್ರದ ಮಾತು ಗೊತ್ತಿರಲಿಲ್ಲ. ದಿನಾ ಕಿಟಕಿಯಿಂದ ಹೇಗೆ ಕೂಗುತ್ತಿದ್ದಳೋ ಹಾಗೇ ಕೂಗಿದಳು: "ಏ, ಅನ್ನ ಆರ್ತಾ ಇದೆ. ಬರ್ತೀಯೋ, ನಾನೊಬ್ಳೇ ಉಣ್ಲೋ?" ಅಮ್ಮನಿಗೆ ನಿನ್ನ ಬದಲು ಓಗೊಡಬಲ್ಲೆ. ಅವಳಿಗೆ ನಾನು ಹೇಗೆ ಓಗೊಡಲಿ? ಅವಳು ನನ್ನ ಕಡೆ ತಿರುಗಿ ಕಾಯುತ್ತಿದ್ದಳು. ನೀರು ಮೊಣಕಾಲಿಗೆ ಬಂದಿತ್ತು. ಕೊನೆಗೆ ನೀನು ಹೇಳುತ್ತಿದ್ದ ಹಾಗೆಯೇ ಹೇಳಿದೆ. "ಬಂದೆ ಕಣೆ. ಬಡಿಸು."

ಅವಳು ತಲೆಯಾಡಿಸಿದಳು. ಬಿದಿರು ಅಲುಗಿತು, ಗಾಳಿಗೋ ಏನೋ. ಜೀವ ಬಂತು ಎಂದ ಪೂಜಾರಿ.

ಮರುದಿನ ಗುಡ್ಡದಲ್ಲಿ, ಅಪ್ಪನ ಪಕ್ಕ ಗೊಂಬೆ ಮಲಗಿಸಿದ ಪೆಟ್ಟಿಗೆಯನ್ನು ಇಳಿಸಿದೆವು. ಕಲ್ಲು ನಿಲ್ಲಿಸಿದ್ದು ಈಗ, ಹಬ್ಬಕ್ಕೆ ಮುಂಚೆ. ಕಲ್ಲುಕುಟಿಗ ನಿನ್ನ ಹೆಸರು ಕೆತ್ತಿ ಮುಗಿಸಿ, ಪದ್ಧತಿಯಂತೆ ಕೇಳಿದ: "ಹೆಂಡ್ತಿ ಹೆಸರೂ ಪಕ್ಕದಲ್ಲಿ ಕೆತ್ತಿ ಕೆಂಪು ತುಂಬಲಾ? ಬದುಕಿರೋವರೆಗೆ ಕೆಂಪು, ಮುಂದೆ ಕಾಲ ಬಂದಾಗ ಕಪ್ಪು ಮಾಡಿದ್ರೆ ಆಯ್ತು."

"ಬೇಡ" ಎಂದಳು ಅಮ್ಮ.

ಲೀಫೆನ್ನಳ ಮುಖ ಮೊದಲ ದಿನದ ಊಟದಲ್ಲಿ ಆದಂತೆಯೇ ಬೆಳ್ಳಗಾಯಿತು. "ಯಾಕತ್ತೆ? ನಾನೇನು ಹೊರಗಿನವಳಾ? ಮಕ್ಕಳಾಗ್ಲಿಲ್ಲ ಅಂತಾನಾ?"

"ನಿಂಗೆ ಇನ್ನೂ ವಯಸ್ಸಿದೆ. ನಿಮ್ಮೂರಿಗೆ ಹೋಗು. ಒಣಗಿದ ಮನೆ, ಒಣಗಿದ ಹೊದಿಕೆ ಇರೋ ಕಡೆ ಒಬ್ಬ ಒಳ್ಳೆಯವನು ಸಿಕ್ರೆ ಬದುಕು. ಕಲ್ಲಲ್ಲಿ ಹೆಸರಿದ್ರೆ ಯಾರು ಬರ್ತಾರೆ ನಿನ್ನ ಕೇಳ್ಕೊಂಡು?"

"ಹಾಗಾದ್ರೆ ಅವನ ಪಕ್ಕದಲ್ಲಿ ಯಾರು ಮಲಗೋರು? ಅವನೊಬ್ಬನೇ ಇರಬೇಕಾ ಇಲ್ಲಿ?"

ಅಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. ಊರೆಲ್ಲ ಕೇಳುವಂತೆ ಮಗನನ್ನು ಕರೆದ, ಹುಲ್ಲಿನ ಗೊಂಬೆಯ ಕೆನ್ನೆ ಸವರಿ ಪೆಟ್ಟಿಗೆ ಮುಚ್ಚಿದ ಅಮ್ಮ ಹೇಳಿದಳು, "ಅವನೇ ಇಲ್ಲಿಲ್ಲ ಕಣೆ ಮಗಳೇ."

ಲೀಫೆನ್ ಅಮ್ಮನ ಹೆಗಲಿಗೆ ತಲೆಯಿಟ್ಟಳು. ಕಲ್ಲುಕುಟಿಗ ಉಳಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ದೂರ ಹೋಗಿ ಕೂತ. ನಾನು ಅವರಿಬ್ಬರ ಹತ್ತಿರ ಹೋಗಲಿಲ್ಲ, ಕೆಳಗೆ ಕಡಲನ್ನು ನೋಡುತ್ತಾ ನಿಂತೆ.

ಅಣ್ಣ, ನೀನು ಎಲ್ಲೇ ಇದ್ದರೂ ನಿನಗೆ ಬೆಚ್ಚಗಿನ ಜಾಗ ಸಿಗಲಿ. ಅತ್ತಿಗೆ ಹೊರಟರೆ ತಡೆಯಬೇಡ, ಹರಸು. ಅಮ್ಮನನ್ನು ನಾನು ನೋಡಿಕೊಳ್ಳುತ್ತೇನೆ. ಹೋಗಿ ಬಾ ಎನ್ನಲು ಬಾಯಿ ಬರುತ್ತಿಲ್ಲ. ಹೋಗು, ಸುಖವಾಗಿರು.

ಇಂತಿ,
ನಿನ್ನ ಬೆನ್ನಿಗೆ ಬಂದ ತಂಗಿ
ಶೀ